ಭೂರ್ಜದ ಹಾಳೆಯಲ್ಲಿ ಬಿಟ್ಟುಹೋದ ಸಾಲು

“ಗುರುಗಳೇ, ಮಾಡಿದ ತಪ್ಪು ಕಳೆಯಬೇಕಾದರೆ ಯಾವ ಜಪ ಮಾಡಬೇಕು? ಎಷ್ಟು ಸಾವಿರ ಮಾಡಬೇಕು?” ಎಂದು ರೇವಣಯ್ಯ ಕೇಳಿದ.

ಅವನು ಮಠಕ್ಕೆ ಬಂದು ಒಂದು ವರ್ಷವಾಗಿತ್ತು. ಕೂತಲ್ಲಿ ಕೂರುತ್ತಿರಲಿಲ್ಲ. ಹೂ ಬಿಡಿಸಲು ಹೋದವನು ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ಎದ್ದು ಬಾವಿಕಟ್ಟೆಗೆ ಹೋಗುತ್ತಿದ್ದ. ಬಾವಿಕಟ್ಟೆಯಿಂದ ಮತ್ತೆಲ್ಲಿಗೋ. ಯಾವ ತಪ್ಪು ಎಂದು ಅವನು ಹೇಳಲಿಲ್ಲ, ಗುರುಗಳೂ ಕೇಳಲಿಲ್ಲ. ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಹಿಮದ ನಾಡಿನಲ್ಲಿ ಒಬ್ಬ ಲಿಪಿಕಾರನಿದ್ದ. ನಮ್ಮ ಕಡೆ ತಾಳೆಗರಿಯ ಮೇಲೆ ಬರೆದಂತೆ ಅಲ್ಲಿಯವರು ಭೂರ್ಜ ಮರದ ತೊಗಟೆಯ ಮೇಲೆ ಬರೆಯುತ್ತಿದ್ದರು. ಬೇಸಿಗೆ ಹುಟ್ಟಿ ಮರಕ್ಕೆ ರಸವೇರುವ ಕಾಲದಲ್ಲಿ ಲಿಪಿಕಾರ ಬೆಟ್ಟ ಹತ್ತುತ್ತಿದ್ದ. ಮೇಲಿನ ತೊಗಟೆಗೆ ಮಾತ್ರ ಕತ್ತಿ ತಾಗಿಸುತ್ತಿದ್ದ. ಒಳತೊಗಟೆಗೆ ಇಳಿದರೆ ಮರ ಸಾಯುತ್ತದೆ. ಸುಲಿದದ್ದನ್ನು ಈರುಳ್ಳಿಯ ಪೊರೆಯಂತೆ ಪದರಪದರವಾಗಿ ಬಿಡಿಸಿ, ಎಣ್ಣೆ ಸವರಿ, ನುಣುಪಾದ ಕಲ್ಲಿನಿಂದ ಉಜ್ಜಿ ಹಾಳೆ ಮಾಡುತ್ತಿದ್ದ. ಗಂಟು ಬಿದ್ದು ಬರೆಯಲು ಬಾರದ ತುಂಡುಗಳನ್ನು ಅವನ ಹೆಂಡತಿ ಹೊಲಿದು ಬುಟ್ಟಿ, ಬೆಣ್ಣೆಯ ಡಬ್ಬಿ ಮಾಡುತ್ತಿದ್ದಳು. ಬಾದಾಮಿಯ ಚಿಪ್ಪು ಸುಟ್ಟ ಮಸಿಯನ್ನು ಗೋಮೂತ್ರದಲ್ಲಿ ಕುದಿಸಿ ಅವನೇ ಶಾಯಿ ಕಾಯಿಸುತ್ತಿದ್ದ. ಆ ಶಾಯಿಯಲ್ಲಿ ಬರೆದದ್ದು ನೀರಿನಲ್ಲಿ ಅದ್ದಿದರೂ ಹೋಗುತ್ತಿರಲಿಲ್ಲ. ಅದು ಅವನ ಹೆಮ್ಮೆಯಾಗಿತ್ತು.

ಒಂದು ಶರತ್ಕಾಲದಲ್ಲಿ ಬೆಟ್ಟದಾಚೆಯಿಂದ ಒಬ್ಬ ಮುದಿ ವೈದ್ಯ ಬಂದ. ಲಿಪಿಕಾರನ ಬಳಿಯಿದ್ದ ಔಷಧಿಯ ಗ್ರಂಥವೊಂದರ ಪ್ರತಿ ಬೇಕೆಂದ. ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಊರು ಸೇರಬೇಕೆಂದು ಅವನಿಗೆ ಅವಸರ. ಲಿಪಿಕಾರ ಬಗ್ಗಿಸಿದ ಬೆನ್ನು ಎತ್ತದೆ ಬರೆದುಕೊಟ್ಟ. ವೈದ್ಯ ಅದನ್ನು ಬಟ್ಟೆಯಲ್ಲಿ ಸುತ್ತಿ ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋದ.

ಚಳಿಗಾಲದಲ್ಲಿ ಲಿಪಿಕಾರ ಬೇರೊಬ್ಬರಿಗಾಗಿ ಅದೇ ಗ್ರಂಥವನ್ನು ಇನ್ನೊಮ್ಮೆ ಬರೆಯುತ್ತಿದ್ದ. ವಿಷದ ಬೇರುಗಳ ಅಧ್ಯಾಯ ಮುಗಿಸಿದಾಗ ಅವನ ಕೈ ನಿಂತಿತು. ಹಾಳೆ ಕೊನೆಯವರೆಗೂ ತುಂಬಿತ್ತು. ವೈದ್ಯನ ಪ್ರತಿಯಲ್ಲಿ ಇದೇ ಅಧ್ಯಾಯದ ಕೊನೆಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಬರಿದಾಗಿ ಬಿಡಬಾರದೆಂದು ತಾನು ಅಲ್ಲಿ ಒಂದು ತಾವರೆ ಬಿಡಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅದೇ ಅಳತೆಯ ಹಾಳೆ, ಅದೇ ಕೈ. ಆ ಜಾಗ ಎಲ್ಲಿಂದ ಬಂತು?

ಮೂಲದ ಮೇಲೆ ಬೆರಳಿಟ್ಟು ಓದುತ್ತ ಬಂದ. ವತ್ಸನಾಭಿ ಎಂಬ ವಿಷದ ಬೇರಿನ ವಿಷಯದಲ್ಲಿ ಎರಡು ಸಾಲುಗಳು ಒಂದೇ ಮಾತಿನಿಂದ ಶುರುವಾಗಿದ್ದವು. ‘ಆ ಬೇರನ್ನು ಮೂರು ದಿನ ಗೋಮೂತ್ರದಲ್ಲಿ ನೆನೆಸಿ ವಿಷ ತೆಗೆಯಬೇಕು’ ಎಂಬುದು ಮೊದಲನೆಯದು. ‘ಆ ಬೇರನ್ನು ಅರೆದು ಜ್ವರದವನಿಗೆ ಕೊಡಬೇಕು’ ಎಂಬುದು ಎರಡನೆಯದು. ಕಣ್ಣು ಜಾರಿ ಮೊದಲನೆಯ ಸಾಲು ಬಿಟ್ಟುಹೋಯಿತೇ? ಹೌದೆನ್ನಲು ಸಾಕ್ಷಿಯಿಲ್ಲ. ಅಲ್ಲವೆನ್ನಲು ಧೈರ್ಯವಿಲ್ಲ. ನೋಡೋಣವೆಂದರೆ ಪ್ರತಿ ಬೆಟ್ಟದಾಚೆ ಇತ್ತು, ದಾರಿ ಹಿಮದಡಿ ಇತ್ತು.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ದಿನಕ್ಕೆ ಹತ್ತು ಸಲ ಹೊರಗೆ ಹೋಗಿ ಬೆಟ್ಟದ ಕಡೆ ನೋಡುತ್ತಿದ್ದ. ದೇವಾಲಯದ ಅರ್ಚಕನ ಬಳಿ ಹೋಗಿ ಪ್ರಾಯಶ್ಚಿತ್ತ ಕೇಳಿದ. ಅರ್ಚಕ ಸಾವಿರದೆಂಟು ಜಪ ಹೇಳಿದ. ಲಿಪಿಕಾರ ಎರಡರಷ್ಟು ಮಾಡಿದ. ಜಪಸರ ಕೆಳಗಿಟ್ಟ ಕೂಡಲೇ ಆ ಎರಡು ಸಾಲುಗಳು ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು.

“ಓದುವವರು ವೈದ್ಯರು. ಅವರಿಗೆ ಗೊತ್ತಿರುವುದಿಲ್ಲವೇ?” ಎಂದಳು ಹೆಂಡತಿ.

“ಗೊತ್ತಿದ್ದವರು ಪುಸ್ತಕ ಯಾಕೆ ಬರೆಸುತ್ತಾರೆ?” ಎಂದ ಅವನು.

ಹಿಮ ಪೂರ್ತಿ ಕರಗುವವರೆಗೆ ಅವನು ಕಾಯಲಿಲ್ಲ. ಮೂಲಗ್ರಂಥವನ್ನೂ ತನ್ನಲ್ಲಿದ್ದ ಹಾಳೆಗಳಲ್ಲಿ ಅತ್ಯುತ್ತಮವಾದ ಒಂದನ್ನೂ ಬೆನ್ನಿಗೆ ಕಟ್ಟಿಕೊಂಡು ಹೊರಟ. ಮೊಣಕಾಲುದ್ದದ ಹಿಮದಲ್ಲಿ ಬೆಟ್ಟ ದಾಟಿದ. ಆಚೆಯ ಹಳ್ಳಿಗಳಲ್ಲಿ ವೈದ್ಯನ ಮನೆಯ ದಾರಿ ವಿಚಾರಿಸುವ ಮೊದಲು ಅವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈ ಚಳಿಗಾಲದಲ್ಲಿ ನಿಮ್ಮಲ್ಲಿ ಯಾರಾದರೂ ಸತ್ತರೇ? ಜನ ಅವನನ್ನು ಅಪಶಕುನವೆಂದು ಬಾಗಿಲು ಹಾಕಿಕೊಂಡರು. ಒಂದು ಊರಿನಲ್ಲಿ ಒಬ್ಬ ರೈತ ಸತ್ತಿದ್ದ. ಲಿಪಿಕಾರ ಆ ಮನೆಯ ಜಗಲಿಯ ಮೇಲೆ ಕುಸಿದು ಕುಳಿತ. ಮಾಡಿನ ಮೇಲಿನ ಹಿಮ ಗೋರುವಾಗ ಜಾರಿ ಬಿದ್ದು ಸತ್ತನೆಂದು ಮನೆಯವರು ಹೇಳಿದರು. ಅದನ್ನು ಕೇಳಿ ಅವನ ಎದೆ ಹಗುರಾಯಿತು. ಅಳುತ್ತಿದ್ದ ಹೆಂಗಸಿನ ಮುಂದೆ ತನ್ನ ಎದೆ ಹಗುರಾಯಿತಲ್ಲ ಎಂದು ನಾಚಿ, ಅವರು ಕೊಟ್ಟ ಗಂಜಿ ಕುಡಿಯದೆ ಎದ್ದು ನಡೆದ.

ಒಂಬತ್ತನೆಯ ದಿನ ವೈದ್ಯನ ಮನೆ ಸಿಕ್ಕಿತು. ಅಂಗಳದಲ್ಲಿ ಒಬ್ಬ ಹೆಂಗಸು ಬೇರು ಒಣಗಿಸುತ್ತಿದ್ದಳು. ವೈದ್ಯನ ಮಗಳು ಅವಳು. ಲಿಪಿಕಾರ ಅವಳನ್ನೂ ಅದೇ ಪ್ರಶ್ನೆ ಕೇಳಿದ.

“ನಮ್ಮ ತಂದೆ ತೀರಿಕೊಂಡರು” ಎಂದಳು.

ಲಿಪಿಕಾರ ಬಿಟ್ಟುಹೋದ ಸಾಲಿನ ಸಂಗತಿ ಹೇಳಿದ. ಅದರಿಂದಲ್ಲ ಎಂದು ಅವಳು ತಲೆಯಾಡಿಸಿದಳು. ತಂದೆಗೆ ವಯಸ್ಸಾಗಿತ್ತು; ಪುಸ್ತಕ ತಂದ ತಿಂಗಳಿಗೆ ಮಲಗಿದಲ್ಲೇ ಹೋಗಿದ್ದ. ಅದನ್ನು ಬಿಚ್ಚಿ ಓದಲೂ ಅವನಿಗೆ ಆಗಿರಲಿಲ್ಲ. ಬಿಚ್ಚಿದವಳು ಮಗಳು. ಊರಿಗೆ ಜ್ವರ ಬಂದಿತ್ತು. ಪುಸ್ತಕದಲ್ಲಿದ್ದಂತೆ ಬೇರು ಅರೆದಳು. ಹೊಸ ಔಷಧಿಯನ್ನು ಮೊದಲು ನಿನ್ನ ನಾಲಿಗೆಗೆ ಹಾಕಿಕೋ ಎಂದು ತಂದೆ ಕಲಿಸಿದ್ದರಿಂದ ಅಕ್ಕಿಕಾಳಿನಷ್ಟು ತಾನೇ ನುಂಗಿದಳು. ನಾಲಿಗೆ ಸತ್ತಿತು, ಕೈಕಾಲು ಸತ್ತವು. ಎರಡು ದಿನ ಜೀವ ಹೋಗಲೂ ಇಲ್ಲ, ಇರಲೂ ಇಲ್ಲ. ಎದ್ದ ಮೇಲೆ ಒಬ್ಬ ಮುದಿ ಕುರುಬನಿಂದ ಮೂರು ದಿನ ನೆನೆಸುವ ಮಾತು ತಿಳಿಯಿತು.

ಅವಳು ಬಲಗೈ ಚಾಚಿದಳು. ನಾಡಿ ಹಿಡಿಯುವ ಮೂರು ಬೆರಳ ತುದಿಗಳು ಇನ್ನೂ ಮರಗಟ್ಟಿದ್ದವು. ಐದು ತಿಂಗಳಿಂದ ಅವಳು ಎಡಗೈಯಲ್ಲಿ ನಾಡಿ ನೋಡುತ್ತಿದ್ದಳು. ತಪ್ಪುತ್ತಲೂ ಇದ್ದಳು.

ಪುಸ್ತಕ ತಂದು ತೋರಿಸಿದಳು. ಆ ಎರಡನೆಯ ಸಾಲಿನ ಪಕ್ಕದ ಅಂಚಿನಲ್ಲಿ ಸೊಟ್ಟ ಅಕ್ಷರಗಳಲ್ಲಿ ಅವಳೇ ಬರೆದಿದ್ದಳು: ಹೀಗೆಯೇ ಕೊಡಬಾರದು, ನಾನು ತಿಂದು ನೋಡಿದ್ದೇನೆ, ಮೂರು ದಿನ ನೆನೆಸಬೇಕು.

ಲಿಪಿಕಾರ ಬೆನ್ನಿನ ಗಂಟು ಬಿಚ್ಚಿ ತಂದಿದ್ದ ಹಾಳೆಯನ್ನು ಹಾಸಿದ. ಒಂದು ಗಂಟೂ ಇಲ್ಲದ, ಬೆಣ್ಣೆಯಂಥ ಹಾಳೆ ಅದು.

“ತಾಯಿ, ಆ ಹಾಳೆ ಬಿಚ್ಚಿ ಕೊಡಿ. ಈಗಲೇ ಹೊಸದಾಗಿ ಬರೆದು ಸೇರಿಸುತ್ತೇನೆ. ತಪ್ಪಿನ ಗುರುತೂ ಉಳಿಯದ ಹಾಗೆ ಮಾಡುತ್ತೇನೆ.”

“ಗುರುತು ಹೋದರೆ ನಿಮಗೆ ಒಳ್ಳೆಯದು. ನನ್ನ ನಂತರ ಈ ಪುಸ್ತಕ ಓದುವವರಿಗೆ ಈ ಬೇರಿನ ಭಯ ಇರಬೇಕು. ಅದು ಹೀಗೆಯೇ ಇರಲಿ” ಎಂದಳು ಅವಳು.

“ಹಾಗಾದರೆ ನಾನು ಏನು ಮಾಡಲಿ?”

ಅವಳು ಹೇಳಿದಳು: “ಒಂದು ಸಾಲು ಬಿಟ್ಟವರು ಇನ್ನೊಂದನ್ನೂ ಬಿಟ್ಟಿರಬಹುದು. ಮೂಲ ತಂದಿದ್ದೀರಲ್ಲ, ಓದಿ. ನಾನು ಇದರಲ್ಲಿ ನೋಡುತ್ತ ಬರುತ್ತೇನೆ.”

ಆರು ದಿನ ಅವನು ಓದಿದ, ಅವಳು ಬೆರಳಿಟ್ಟು ನೋಡಿದಳು. ಇನ್ನೆರಡು ತಪ್ಪುಗಳು ಸಿಕ್ಕವು. ಒಂದು ಕಾಗುಣಿತದ್ದು, ಸಣ್ಣದು. ಇನ್ನೊಂದು ಎಳೆಮಕ್ಕಳ ಕಷಾಯದ ಅಳತೆಯದು. ಅದನ್ನು ಅಂಚಿನಲ್ಲಿ ತಿದ್ದಿ ಬರೆದ ಮೇಲೆಯೇ ಇಬ್ಬರೂ ಮುಂದಿನ ಸಾಲಿಗೆ ಹೋದರು.

ಆರು ದಿನಕ್ಕೆ ಮುಗಿದರೂ ಅವನು ಹೊರಡಲಿಲ್ಲ. ಅವಳ ಮರಗಟ್ಟಿದ ಕೈಗೆ ಒನಕೆ ನಿಲ್ಲುತ್ತಿರಲಿಲ್ಲ. ಬೇಸಿಗೆಯೆಲ್ಲ ಅವಳ ಬೇರುಗಳನ್ನು ಅವನು ಕುಟ್ಟಿದ. ತಾನು ತಂದಿದ್ದ ಒಳ್ಳೆಯ ಹಾಳೆಯನ್ನು ಚೂರು ಮಾಡಿ ಚೂರ್ಣ ಕಟ್ಟಲು ಕೊಟ್ಟ. ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದಾಗಲೆಲ್ಲ ಅವಳು ಏನಾದರೂ ಕೆಲಸ ಹೇಳುತ್ತಿದ್ದಳು. ಹೊಸ ಹಿಮ ಬೀಳುವ ಮೊದಲು ಅವನು ಹೊರಟು ನಿಂತಾಗ ಅವಳು ಅವನ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಒಂದು ಬೆರಳಿಗೆ ನಾಡಿ ತಿಳಿಯುತ್ತಿದೆ, ಎರಡಕ್ಕೆ ಇಲ್ಲ ಎಂದಳು. ಅವನು ಬೆಟ್ಟ ಹತ್ತಿದ. ಮನೆಗೆ ಬಂದವನು ಅಂದಿನಿಂದ ಇನ್ನೊಬ್ಬರನ್ನು ಕೂರಿಸಿಕೊಂಡು ಓದಿಸಿ ನೋಡದೆ ಯಾವ ಪ್ರತಿಯನ್ನೂ ಹೊರಗೆ ಕೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಕೊನೆಗೆ ಅವನ ಮನಸ್ಸಿಗೆ ನೆಮ್ಮದಿ ಸಿಕ್ಕಿತೇ, ಗುರುಗಳೇ?” ಎಂದು ರೇವಣಯ್ಯ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: “ನೀನು ಹೋಗಬೇಕಾದ ಮನೆ ಇಲ್ಲಿಂದ ಎಷ್ಟು ದಿನದ ದಾರಿ?”