ಅಂಕ ಬರುವಾಗ ಪಕ್ಕದಲ್ಲಿ ಯಾರು?

ಮಂಜುಗಡ್ಡೆಯ ಮೇಲೆ ಜಾರುತ್ತಾ ಕುಣಿಯುವ ಫಿಗರ್ ಸ್ಕೇಟಿಂಗ್ ಆಟದ ಸಂಘದ ಕಚೇರಿಯಲ್ಲಿ ರುಕ್ಮಾಬಾಯಿ ಎಂಬ ಗುಮಾಸ್ತೆ ಇದ್ದಳು. ಆ ವರ್ಷ ವಿದೇಶದ ಪಂದ್ಯಕ್ಕೆ ದೇಶದಿಂದ ಒಬ್ಬಳೇ ಹುಡುಗಿ ಹೋಗಬೇಕಿತ್ತು. ಆಯ್ಕೆ ಪಂದ್ಯದಲ್ಲಿ ನಫೀಸಾ ಎಂಬ ಟೈಲರ್ ಮಗಳು ಗೆದ್ದಿದ್ದಳು. ಆದರೆ ಸಂಘದ ಅಧ್ಯಕ್ಷ ಕೋದಂಡಪಾಣಿಯವರು ಮೇಜು ಗುದ್ದಿ, "ನನ್ನ ತಂಗಿ ಮಗಳು ವಿಭಾ ಹೆಸರು ಬರಿ. ಇವತ್ತೇ ಕಳಿಸು" ಅಂದರು.

ರುಕ್ಮಾಬಾಯಿ ಎದುರಾಡಲಿಲ್ಲ. "ಆಗಲಿ ಸಾರ್. ಅರ್ಜಿಯಲ್ಲಿ ತರಬೇತುದಾರರ ಜಾಗದಲ್ಲಿ ನಿಮ್ಮ ಹೆಸರೇ ಬರೀಲಾ? ಆರಿಸಿದ ಕೀರ್ತಿ ನಿಮ್ಮದೇ ಅಲ್ವಾ?"

ಅಧ್ಯಕ್ಷರ ಮುಖ ಅರಳಿತು. "ಬರಿ, ಬರಿ. ಅಲ್ಲಿ ನಾನೇನು ಮಾಡಬೇಕು?"

"ಹೆಚ್ಚೇನಿಲ್ಲ ಸಾರ್. ಆಟ ಮುಗಿದು ಅಂಕ ಬರೋವರೆಗೆ ಹುಡುಗಿ ಪಕ್ಕ ಬೆಂಚಿನ ಮೇಲೆ ಕೂತಿರಬೇಕು. ಟೀವಿ ಕ್ಯಾಮೆರಾ ನಿಮ್ಮಿಬ್ಬರ ಮುಖದ ಮೇಲೇ ಇರುತ್ತೆ. ಇಡೀ ಲೋಕ ನೋಡುತ್ತೆ."

ಅಧ್ಯಕ್ಷರು ಕತ್ತಿನ ಬೆವರು ಒರೆಸಿಕೊಂಡರು. "ಅವಳು ಆಯ್ಕೆ ಪಂದ್ಯದಲ್ಲಿ ಎಷ್ಟು ಸಲ ಬಿದ್ದಳು?"

"ಆಡುವಾಗ ಐದು ಸಲ ಸಾರ್. ಕೊನೆಗೆ ನಮಸ್ಕಾರ ಮಾಡುವಾಗ ಇನ್ನೊಂದು ಸಲ."

ಅಧ್ಯಕ್ಷರು ಅರ್ಜಿಯನ್ನು ತಮ್ಮತ್ತ ಎಳೆದುಕೊಂಡು, "ಗೆದ್ದವಳನ್ನೇ ಕಳಿಸಬೇಕಮ್ಮ. ನ್ಯಾಯ ಅಂತ ಒಂದಿದೆ" ಎಂದು ನಫೀಸಾಳ ಹೆಸರಿಗೆ ಸಹಿ ಹಾಕಿದರು.

ಸಂಜೆ ನಫೀಸಾ ಬಂದು ರುಕ್ಮಾಬಾಯಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಅವಳ ಹಿಂದೆಯೇ ಮಂಡಿಗೆ ಬ್ಯಾಂಡೇಜು ಕಟ್ಟಿಕೊಂಡ ಇನ್ನೊಬ್ಬ ಹುಡುಗಿ ಕುಂಟುತ್ತಾ ಬಂದಳು. ಅವಳೇ ವಿಭಾ. ಮೈಸೂರುಪಾಕಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೇಳಿದಳು:

"ಅಕ್ಕಾ, ನಂಗೆ ಬೇಡ ಅಂತ ಒಂದು ತಿಂಗಳಿಂದ ಬೇಡ್ಕೊಂಡೆ, ಮಾವ ಕೇಳಲೇ ಇಲ್ಲ. ನಿಮ್ಮ ಮಾತು ಕೇಳಿದ್ರು. ನನಗಿಂತ ನನ್ನ ಮಂಡಿ ನಿಮಗೆ ಹೆಚ್ಚು ಋಣಿ."