ಸಾಣೆ ಹಿಡಿದ ಮಾತು

ಕುಡುಗೋಲು ಹರಿತವಾಗಿದ್ದರೆ ಮೆಚ್ಚುತ್ತೇವೆ. ಬುದ್ಧಿ ಹರಿತವಾಗಿದ್ದರೆ ಹೊಗಳುತ್ತೇವೆ. ನೇಕಾರರ ಓಣಿಯ ಸಂಕವ್ವನ ಮಾತೂ ಹರಿತವೇ. ಆದರೆ ಅದನ್ನು ಹೊಗಳುವವಳು ಅವಳೊಬ್ಬಳೇ.

ಒಂದು ಮಟಮಟ ಮಧ್ಯಾಹ್ನ ಸಾಣೆ ಹಿಡಿಯುವವನೊಬ್ಬ ಅವಳ ಕಟ್ಟೆಯ ಮುಂದೆ ಬಂದು ನಿಂತ. ಅವನ ಚಕ್ರ ಗಿರಗಿರ ತಿರುಗುತ್ತಿತ್ತು, ಸದ್ದೇ ಇರಲಿಲ್ಲ. ಸಂಕವ್ವ ಚಾಕುವನ್ನು ಅವನ ಕೈಗೆ ಕೊಡದೆ ನೆಲದ ಮೇಲಿಟ್ಟಳು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅವಳ ಅವ್ವ ಕಲಿಸಿದ್ದಳು.

"ನನ್ನ ಮಾತಿಗೂ ಒಂದೀಟು ಸಾಣಿ ಹಿಡೀತಿ ಏನಪಾ?" ಎಂದು ನಕ್ಕಳು.

ಅವನು ನಗಲಿಲ್ಲ. "ಹಿಡೀತೀನಿ ಯವ್ವಾ. ಆದ್ರ ಅದನ್ನೂ ನೆಲಕ್ಕಿಟ್ಟ ಕೊಡು."

ಮೇಲೇನೂ ಇಲ್ಲದ ಚಕ್ರದಿಂದ ಕಿಡಿ ಹಾರಿತು. ಸಂಕವ್ವನ ಬಾಯಲ್ಲಿ ಕಬ್ಬಿಣದ ರುಚಿ ತುಂಬಿತು. ತಲೆ ಎತ್ತಿದಾಗ ಓಣಿಯಲ್ಲಿ ಯಾರೂ ಇರಲಿಲ್ಲ.

ಅಂದು ಸಂಜೆ ಸೊಸೆ ನೀಲವ್ವನ ರೊಟ್ಟಿ ಸೀದಿತು. "ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನ?" ಎಂದಳು ಸಂಕವ್ವ. ಸೊಸೆಯ ಅಂಗೈಯಲ್ಲಿ ಕೂದಲೆಳೆಯಂಥ ಗೆರೆ ಮೂಡಿ ರಕ್ತ ಜಿನುಗಿತು. ಹತ್ತಿರದಲ್ಲೆಲ್ಲೂ ಚಾಕು ಇರಲಿಲ್ಲ. ಮರುದಿನ ಹಾಲಿನವನನ್ನು ಬೈದಳು, ಅವನ ಕಿವಿಯ ತುದಿ ಸೀಳಿತು. ಅವಳು ಬಾಯಿ ತೆರೆದರೆ ಸಾಕು, ಓಣಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು, ಮಗ್ಗಗಳ ಸದ್ದು ನಿಲ್ಲುತ್ತಿತ್ತು. ನಿಜ ಹೇಳಬೇಕೆಂದರೆ ಸಂಕವ್ವನಿಗೆ ಖುಷಿಯೇ ಆಯಿತು. ಜನ ಹೆದರಿದರಲ್ಲ! ಮಂಗನಿಗೆ ಹೆಂಡ ಕುಡಿಸಿದಂತಾಯಿತು.

ಒಂದು ದಿನ ಮೊಮ್ಮಗಳು ತಂಗೆಮ್ಮ ಓಡಿ ಬಂದು ಮೊಸರಿನ ಗಡಿಗೆ ಒಡೆದಳು. ಸಂಕವ್ವನಿಗೆ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತು. ಆಗ ಆ ಮಗು ಎರಡೂ ಕೈಗಳಿಂದ ತನ್ನ ಕುತ್ತಿಗೆ ಮುಚ್ಚಿಕೊಂಡಿತು.

ಸಂಕವ್ವ ತುಟಿ ಬಿಗಿದಳು. ಒಳಗೇ ಉಳಿದ ಮಾತು ಅವಳ ನಾಲಗೆಯನ್ನೇ ಕೊಯ್ದಿತು, ಬಾಯ್ತುಂಬ ರಕ್ತ. ಆಗ ನೆನಪಾಯಿತು ಸಾಣೆಯವನ ಮಾತು: ಅದನ್ನೂ ನೆಲಕ್ಕಿಟ್ಟ ಕೊಡು. ಮಗುವಿನ ಮುಖದಿಂದ ಕಣ್ಣು ತೆಗೆದು ನೆಲ ನೋಡಿದಳು. ನೆಲಕ್ಕೇ ಹೇಳುವಂತೆ ಮೆಲ್ಲಗೆ ಅಂದಳು: "ಓಡಬಾರದಿತ್ತವ್ವಾ. ಗಡಿಗಿ ಒಡೀತು."

ಕಾಲ ಬಳಿಯ ಕಲ್ಲುಹಾಸು ಟಪ್ಪನೆ ಸೀಳಿತು. ಮಗುವಿನ ಮೈಮೇಲೆ ಒಂದು ಗೀರೂ ಇರಲಿಲ್ಲ. "ಹೂಂ ಅಜ್ಜಿ, ತಪ್ಪಾತು," ಎಂದಿತು. ಆದರೆ ಕುತ್ತಿಗೆಯ ಮೇಲಿನ ಕೈ ತೆಗೆಯಲು ಅದಕ್ಕೆ ಬಹಳ ಹೊತ್ತು ಹಿಡಿಯಿತು.

ನೀತಿ: ಹರಿತವಾದ ಮಾತನ್ನು ಯಾರ ಮೇಲೂ ಬೀಸಬೇಡಿ. ಹೇಳಲೇಬೇಕಾದರೆ ಚಾಕುವಿನಂತೆ ನೆಲಕ್ಕಿಟ್ಟು ಹೇಳಿ, ಎದುರಿನವರು ಹಿಡಿಕೆ ಹಿಡಿದು ಎತ್ತಿಕೊಳ್ಳಲಿ. ಗಾಯ ಬೇಗ ಮಾಯುತ್ತದೆ, ಮಕ್ಕಳ ಹೆದರಿಕೆ ಅಷ್ಟು ಬೇಗ ಮಾಯುವುದಿಲ್ಲ.