ಏಳು ತಲೆಮಾರಿನ ದಾರ

ನೂತವರಿಲ್ಲ, ನೇಯ್ದವರಿಲ್ಲ, ಉಗುಳಿದರೆ ಸಿಗುವ ದಾರ ಯಾವುದು?

ತಲೆ ಕೆರ್ಕೋಬೇಡಿ, ಗೊತ್ತಾಗಲ್ಲ. ಹೊಳೆದಂಡೆಯ ಆಶ್ರಮದಲ್ಲಿದ್ದ ಶಿಷ್ಯರಿಗೂ ಗೊತ್ತಿರಲಿಲ್ಲ.

ಅಂದು ಅನ್ನದ ಹಂಡೆ ಉಜ್ಜುವ ಸರದಿ ತ್ರಿವಿಕ್ರಮನದು. ಹಂಡೆಯ ತಳವೋ, ಅಮಾವಾಸ್ಯೆ.

"ಗುರುಗಳೇ, ನಮ್ಮದು ಏಳು ತಲೆಮಾರಿಂದ ಪಂಡಿತರ ಮನೆ. ಪಾಠ ಹೇಳೋದು ನನ್ನ ರಕ್ತದಲ್ಲೇ ಇದೆ. ಹಂಡೆ ಉಜ್ಜೋದು ಇಲ್ಲ."

"ಇಲ್ಲ ಅಂತ ಒಳಗೆ ನೋಡಿದೀಯಾ?" ಕಾಳಪ್ಪ ಗುರುಗಳು ಕೇಳಿದರು.

"ನೋಡೋಕಾಗುತ್ತಾ?"

"ಜೀವ ಇರೋ ಎಲ್ಲದರ ಒಳಗೂ ಒಂದು ದಾರ ಇದೆ. ಡಿಎನ್‌ಎ ಅಂತಾರೆ. ಹೆತ್ತವರಿಂದ ಬಂದದ್ದು ಅದರಲ್ಲಿರುತ್ತೆ. ನಿನ್ನ ಪಂಡಿತರ ದಾರ ತೆಗೆದು ತೋರಿಸು, ಇನ್ನು ಹಂಡೆ ಮುಟ್ಟಬೇಡ. ಆಗದಿದ್ರೆ ವರ್ಷಪೂರ್ತಿ ಹಂಡೆ ನಿಂದೇ."

ತ್ರಿವಿಕ್ರಮ ಆಗಲೇ ಕೈ ಒರೆಸಿಕೊಂಡ.

ಗುರುಗಳು ಎಲ್ಲರಿಗೂ ಹೇಳಿದರು: "ಮೊದಲು ಬಾಯಿ ಚೆನ್ನಾಗಿ ತೊಳೀರಿ. ಆಮೇಲೆ ಉಪ್ಪುನೀರು ಮುಕ್ಕಳಿಸಿ ಗಾಜಿನ ನಳಿಕೆಗೆ ಉಗೀರಿ. ಅದಕ್ಕೆ ಸೋಪಿನ ನೀರು. ಮೇಲೆ ತಣ್ಣನೆ ಸ್ಪಿರಿಟ್, ನಿಧಾನಕ್ಕೆ."

ಜೊತೆಗಾತಿ ದೇವೀರಿ ಮೂರು ಸಲ ಬಾಯಿ ತೊಳೆದಳು.

"ಏನೇ, ಬಾಯಲ್ಲಿ ಗದ್ದೆ ಉಳ್ತಿದ್ದೀಯಾ?" ತ್ರಿವಿಕ್ರಮ ನಕ್ಕ. ಪಂಡಿತರ ಬಾಯಿ, ಅದಕ್ಕೆ ತೊಳೆಯೋದೇನು? ಅವನು ನೇರ ಉಪ್ಪುನೀರಿಗೇ ಹೋದ.

ದೇವೀರಿಯ ನಳಿಕೆಯಲ್ಲಿ ಜೇಡನ ಎಳೆಯಂಥದ್ದೊಂದು ಎದ್ದಿತು. ಇದೆಯೋ ಇಲ್ಲವೋ ಅನ್ನುವಷ್ಟು.

ತ್ರಿವಿಕ್ರಮನದರಲ್ಲಿ ಬಿಳೀ ಮುದ್ದೆಯೇ ತೇಲಿತು.

"ನೋಡ್ರೋ! ಏಳು ತಲೆಮಾರಿಗೆ ಜಾಗವೇ ಸಾಲ್ತಿಲ್ಲ!" ನಳಿಕೆಯನ್ನು ಹಣೆಗೊತ್ತಿಕೊಂಡ. "ದೇವೀರಿ, ನಿಮ್ಮ ತಾತ ದಾರ ಕೊಡೋಕೂ ಜಿಪುಣನಾ?"

"ಇದ್ದದ್ದನ್ನ ಕೊಟ್ಟ ಕಣೋ."

ಗುರುಗಳು ಒಂದು ಬಾಳೆಹಣ್ಣು ಸುಲಿದರು. ಕಿವುಚಿದರು, ಬಟ್ಟೆಯಲ್ಲಿ ಸೋಸಿದರು. ಅದೇ ಉಪ್ಪು, ಅದೇ ಸೋಪು, ಅದೇ ಸ್ಪಿರಿಟ್.

ಬಿಳೀ ಮುದ್ದೆ ತೇಲಿತು. ತ್ರಿವಿಕ್ರಮನ ನಳಿಕೆಯನ್ನೂ ಬಾಳೆಹಣ್ಣಿನದನ್ನೂ ಪಕ್ಕಪಕ್ಕ ಹಿಡಿದರು. ಥೇಟ್ ಅವಳಿಜವಳಿ.

"ಬೆಳಿಗ್ಗೆ ಏನು ತಿಂದೆಯಪ್ಪ?"

ತ್ರಿವಿಕ್ರಮನ ನಾಲಿಗೆ ತಾನಾಗಿಯೇ ಹಲ್ಲಿನ ಸಂದಿಗೆ ಹೋಯಿತು. ಅಲ್ಲಿನ್ನೂ ಸಿಹಿ ಇತ್ತು.

"ಬಾಳೆಹಣ್ಣು."

"ಎಷ್ಟು?"

"ನಾಲ್ಕು."

"ಅಯ್ಯೋ, ಏಳು ತಲೆಮಾರೂ ಒಂದೇ ಗೊನೆಯವರು!" ದೇವೀರಿ ಹೊಟ್ಟೆ ಹಿಡಿದುಕೊಂಡು ಕೂತಳು.

ತ್ರಿವಿಕ್ರಮನ ಮುಖ ಸಿಪ್ಪೆಯಂತೆ ಜೋತುಬಿತ್ತು. "ಹಾಗಾದ್ರೆ ನನ್ನ ದಾರ, ಗುರುಗಳೇ?"

"ಇದೆ ಮಗೂ. ತೊಳೆದರೆ ಸಿಗುತ್ತೆ. ಬಾಯಿಂದ ಶುರು ಮಾಡು, ಹಂಡೆ ಎಲ್ಲಿಗೂ ಓಡಿಹೋಗಲ್ಲ."

ಈ ಕೊನೆಯ ಮಾತು ಮಾತ್ರ ನಾನು ಕಟ್ಟಿದ್ದು. ನಿಜವಾಗಿ ಗುರುಗಳು ನಗು ತಡೆಯಲಾರದೆ ಹೊಳೆ ಕಡೆ ಓಡಿಬಿಟ್ಟಿದ್ದರು. ಕಥೆ ಅಂದಮೇಲೆ ಗುರುಗಳು ಏನಾದರೂ ಅನ್ನಬೇಕಲ್ಲ, ಅದಕ್ಕೆ ಅನ್ನಿಸಿದ್ದು.